ಚಿಪ್ ಸರಪಳಿ ಎಲ್ಲಿ ಕಡಿಯುತ್ತದೆ? ಕ್ಷಿಪಣಿಗಿಂತ ಮೊದಲು ರಾಳ, ಅನಿಲ, ನೀರು

ಮರಳುಗಡಿಯಾರ:

ಚಿಪ್ ಪೂರೈಕೆಗೆ ಅಪಾಯ ಅಂದ ಕೂಡಲೇ ಎಲ್ಲ ಕಡೆ ಒಂದೇ ನಕ್ಷೆ ತೋರಿಸುತ್ತಾರೆ. ಈ ಕಡೆ ಚೀನಾ, ಆ ಕಡೆ ತೈವಾನ್, ನಡುವೆ ಒಂದು ಕೆಂಪು ಬಾಣ. ಆ ಅಪಾಯ ಸುಳ್ಳಲ್ಲ. ಅತಿ ಮುಂದುವರಿದ ಚಿಪ್‌ಗಳಲ್ಲಿ ಶೇ. 90ರ ಆಸುಪಾಸು ಆ ಒಂದು ದ್ವೀಪದಿಂದಲೇ ಬರುತ್ತವೆ. ಹೆದರಿಕೆ ಆಗಲೇಬೇಕು.

ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಈ ಸರಪಳಿ ನಿಜಕ್ಕೂ ಎಲ್ಲೆಲ್ಲಿ ಕಡಿದಿದೆ ಅಂತ ಒಮ್ಮೆ ನೋಡಿ. 1993ರ ಜುಲೈನಲ್ಲಿ ಜಪಾನಿನ ನೀಹಾಮದಲ್ಲಿ ಸುಮಿಟೊಮೊ ಕೆಮಿಕಲ್‌ನ ಒಂದು ಘಟಕ ಸ್ಫೋಟವಾಯಿತು. ಅಲ್ಲಿ ಚಿಪ್ ಮಾಡುತ್ತಿರಲಿಲ್ಲ. ಚಿಪ್ ಮೇಲೆ ಕಪ್ಪು ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ಲ, ಅದಕ್ಕೆ ಬೇಕಾದ ಎಪಾಕ್ಸಿ ರಾಳ ಮಾಡುತ್ತಿದ್ದರು. ಜಗತ್ತಿಗೆ ಬೇಕಾದ ಆ ರಾಳದಲ್ಲಿ ಅರ್ಧಕ್ಕಿಂತ ಜಾಸ್ತಿ ಅದೊಂದೇ ಕಡೆಯಿಂದ ಹೋಗುತ್ತಿತ್ತು. ನೋಡನೋಡುತ್ತ ಮೆಮೊರಿ ಚಿಪ್ ಬೆಲೆ ಗಗನಕ್ಕೇರಿತು. 1999ರ ಸೆಪ್ಟೆಂಬರ್ 21ರ ಭೂಕಂಪದಲ್ಲಿ ತೈವಾನಿನ ನಡುಭಾಗದ ಒಂದು ವಿದ್ಯುತ್ ಉಪಕೇಂದ್ರ ಹಾಳಾಗಿ, ದೂರದ ಸಿಂಚುವಿನ ಫ್ಯಾಬ್‌ಗಳು, ಅಂದರೆ ಚಿಪ್ ಕಾರ್ಖಾನೆಗಳು, ಕತ್ತಲಲ್ಲಿ ಕೂತವು. 2011ರಲ್ಲಿ ಥಾಯ್ಲೆಂಡಿನ ನೆರೆ ಹಾರ್ಡ್ ಡಿಸ್ಕ್ ಉದ್ಯಮವನ್ನೇ ಮುಳುಗಿಸಿತು. 2021ರ ಮಾರ್ಚ್ 19ರಂದು ಜಪಾನಿನ ನಾಕಾದಲ್ಲಿ ರೆನೆಸಾಸ್ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರಣ ಏನು? ಲೋಹ ಲೇಪಿಸುವ ಒಂದು ಯಂತ್ರಕ್ಕೆ ಕರೆಂಟ್ ಜಾಸ್ತಿ ಹರಿದದ್ದು. ಸುಟ್ಟದ್ದು ಒಂದು ಮೂಲೆ. ಹೊಗೆ ಮಸಿ ದೂಳೇ ಇರಬಾರದ ಇಡೀ ಕ್ಲೀನ್‌ರೂಮ್‌ಗೆ ಹಬ್ಬಿತು, ಮೊದಲೇ ಚಿಪ್ ಇಲ್ಲದೆ ಒದ್ದಾಡುತ್ತಿದ್ದ ಕಾರ್ ಕಂಪನಿಗಳು ಇನ್ನಷ್ಟು ಕಂಗಾಲಾದವು.

ಒಂದರಲ್ಲೂ ಸೈನ್ಯ ಇಲ್ಲ. ಹಾಗಾಗಿ ನನ್ನ ವಾದ ಇಷ್ಟು: ದೊಡ್ಡ ಫ್ಯಾಬ್‌ಗಳ ಮೇಲೆ ಎಲ್ಲರ ಕಣ್ಣಿದೆ, ಆದರೆ ಸರಪಳಿ ಕಡಿಯುವುದು ಯಾರೂ ನೋಡದ ಸಣ್ಣ ಸಾಮಾನುಗಳಲ್ಲಿ. ಒಬ್ಬರೋ ಇಬ್ಬರೋ ಮಾತ್ರ ಮಾಡುವ ಸಾಮಾನುಗಳಲ್ಲಿ. ಹೊಸ ದೇಶದಲ್ಲಿ ಹೊಸ ಫ್ಯಾಬ್ ಕಟ್ಟಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಇಲ್ಲಿ ಹಲವರಿದ್ದೀರಿ. ಏನಂತೀರಿ?

ಕೊನೇಬೆಂಚು:

ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಇವೆಲ್ಲ ಕೆಲವು ತಿಂಗಳ ತಲೆನೋವು. ರಾಳದ ಕಾರ್ಖಾನೆ ಮತ್ತೆ ಎದ್ದಿತು, ರೆನೆಸಾಸ್ ಒಂದು ತಿಂಗಳಲ್ಲೇ ಉತ್ಪಾದನೆ ಶುರು ಮಾಡಿತು. ತೈವಾನ್ ಜಲಸಂಧಿಯಲ್ಲಿ ಹಡಗು ಓಡಾಟ ನಿಂತರೆ ಅದು ತಿಂಗಳ ಮಾತಲ್ಲ, ವರ್ಷಗಳ ಮಾತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಹೇಗೆ?

ಬಿಲ್_ಆಫ್_ಮೆಟೀರಿಯಲ್:

ನಾನು ಖರೀದಿ ವಿಭಾಗದವನು. ಕೈಗಾರಿಕಾ ಯಂತ್ರಗಳಿಗೆ ಕಂಟ್ರೋಲ್ ಬೋರ್ಡ್ ಮಾಡುವ ಸಣ್ಣ ಕಂಪನಿ ನಮ್ಮದು. "ಕೆಲವು ತಿಂಗಳ ತಲೆನೋವು" ಅನ್ನುವುದು ದೊಡ್ಡ ಕಂಪನಿಗಳಿಗೆ ಸರಿ. ಸಣ್ಣವರು ಆ ಕೆಲವು ತಿಂಗಳಲ್ಲೇ ಬಾಗಿಲು ಹಾಕುತ್ತಾರೆ.

2021ರಲ್ಲಿ ಆಗಿದ್ದು ಹೇಳುತ್ತೇನೆ. ಒಂದು ಬೋರ್ಡಿನಲ್ಲಿ ನೂರಾರು ಭಾಗ. ಎಲ್ಲ ಬಂದು ಗೋಡೌನ್‌ನಲ್ಲಿ ಕೂತಿವೆ. ಬೋರ್ಡನ್ನು ನಡೆಸುವ ಪುಟ್ಟ ಚಿಪ್, ಒಂದೇ ಒಂದು ಮೈಕ್ರೋಕಂಟ್ರೋಲರ್ ಇಲ್ಲ. ವಿತರಕರನ್ನು ಕೇಳಿದರೆ 52 ವಾರ ಕಾಯಿರಿ ಅಂದರು. ಅದೂ ಖಾತ್ರಿ ಇಲ್ಲ. ದಲ್ಲಾಳಿಗಳ ಹತ್ತಿರ ಮಾಲು ಇತ್ತು, ಮಾಮೂಲಿ ಬೆಲೆಯ ಹಲವು ಪಟ್ಟು ಕೇಳುತ್ತಿದ್ದರು. ತೆಗೆದುಕೊಂಡೆವು. ಅದರಲ್ಲಿ ಒಂದು ಕಂತು ಹಳೇ ಬೋರ್ಡಿನಿಂದ ಕಿತ್ತು, ಮೇಲಿನ ಗುರುತು ಉಜ್ಜಿ, ಹೊಸದಾಗಿ ಮುದ್ರೆ ಹೊಡೆದದ್ದು. ಅಸಿಟೋನ್ ಹಚ್ಚಿ ಒರೆಸಿದ ಕೂಡಲೇ ಅಕ್ಷರ ಕೈಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಾರುತಿಯಂಥ ಮಾರುತಿಯೇ ಮಾಮೂಲಿ ಉತ್ಪಾದನೆಯ ಶೇ. 40ಕ್ಕೆ ಇಳಿಯುತ್ತೇವೆ ಅಂತ ಹೇಳಿತ್ತು. ನಮ್ಮಂಥವರ ಗತಿ ಏನು ಹೇಳಿ.

ಹೊಸ ಉದಾಹರಣೆಯೂ ಇದೆ. ನೆಕ್ಸ್‌ಪೀರಿಯಾ. ಇವರು ಮಾಡುವುದು ಡಯೋಡ್, ಟ್ರಾನ್ಸಿಸ್ಟರ್. ಒಂದೊಂದು ಕೆಲವೇ ಸೆಂಟ್ ಬೆಲೆಯವು. ಕಂಪನಿ ನೆದರ್ಲೆಂಡ್ಸ್‌ನದು, ಮಾಲೀಕರು ಚೀನಾದ ವಿಂಗ್‌ಟೆಕ್. ವೇಫರ್ (ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆ) ಮುಖ್ಯವಾಗಿ ಹ್ಯಾಂಬರ್ಗ್‌ನಲ್ಲಿ ತಯಾರಾಗುತ್ತದೆ, ಪ್ಯಾಕೇಜಿಂಗ್‌ಗೆ, ಅಂದರೆ ಕತ್ತರಿಸಿ ಹೊದಿಕೆ ಹಾಕುವುದಕ್ಕೆ, ಬಹುಪಾಲು ಚೀನಾದ ಡಾಂಗ್‌ಗುವಾನ್‌ಗೆ ಹೋಗುತ್ತಿತ್ತು. 2025ರ ಸೆಪ್ಟೆಂಬರ್ ಕೊನೆಗೆ ಡಚ್ ಸರ್ಕಾರ ಕಂಪನಿಯ ಮೇಲೆ ಹಿಡಿತ ಸಾಧಿಸಿತು. ಅಕ್ಟೋಬರ್ ಮೊದಲ ವಾರ ಚೀನಾ ಅಲ್ಲಿಂದ ರಫ್ತು ನಿಲ್ಲಿಸಿತು. ತಿಂಗಳು ಮುಗಿಯುವಷ್ಟರಲ್ಲಿ ಹೋಂಡಾ ಮೆಕ್ಸಿಕೋದಲ್ಲಿ ಕಾರ್ ಉತ್ಪಾದನೆ ನಿಲ್ಲಿಸಬೇಕಾಯಿತು. ನವೆಂಬರ್‌ನಲ್ಲಿ ಡಚ್ಚರು ಆ ಆದೇಶ ತಡೆಹಿಡಿದರು. ಎರಡು ನ್ಯಾನೋಮೀಟರಿನ ಅತ್ಯಾಧುನಿಕ ಚಿಪ್ ಅಲ್ಲ, ಎಐ ಚಿಪ್ ಅಲ್ಲ, ಸುಮ್ನೆ ಒಂದು ಡಯೋಡ್.

ಕೊನೇಬೆಂಚು:

ಡಯೋಡ್ ಬೇರೆ ಯಾರೂ ಮಾಡುವುದಿಲ್ಲವಾ? ಎರಡು ಸಪ್ಲೈಯರ್ ಇಟ್ಟುಕೊಂಡರೆ ಮುಗೀತಲ್ವಾ?

ಬಿಲ್_ಆಫ್_ಮೆಟೀರಿಯಲ್:

ಮಾಡುತ್ತಾರೆ. ಆದರೆ ಕಾರಿನ ಬ್ರೇಕ್ ಕಂಟ್ರೋಲರಿನಲ್ಲಿ ಇರುವ ಡಯೋಡ್ ಬದಲಾಯಿಸಬೇಕಾದರೆ ಮತ್ತೆ ಬಿಸಿ, ಚಳಿ, ಅದುರಾಟ, ತೇವ ಎಲ್ಲ ಪರೀಕ್ಷೆ ಮಾಡಬೇಕು, ಕಾಗದ ಪತ್ರ ಸಲ್ಲಿಸಬೇಕು, ಗ್ರಾಹಕ ಒಪ್ಪಬೇಕು. ಭಾಗದ ಬೆಲೆ ಎರಡು ರೂಪಾಯಿ, ಬದಲಾಯಿಸುವ ಖರ್ಚು ಲಕ್ಷಗಟ್ಟಲೆ. ಹಾಗಾಗಿ ಯಾರೂ ಮೊದಲೇ ಮಾಡಿಟ್ಟಿರುವುದಿಲ್ಲ.

ಹಳದಿ_ದೀಪ:

ಲಿಥೋಗ್ರಫಿ ವಿಭಾಗದಲ್ಲಿ, ಅಂದರೆ ವೇಫರ್ ಮೇಲೆ ಬೆಳಕಿನಿಂದ ಸರ್ಕಿಟ್ ನಕ್ಷೆ ಮೂಡಿಸುವ ಕಡೆ, ಪ್ರೋಸೆಸ್ ಇಂಜಿನಿಯರ್ ಆಗಿದ್ದೆ. ಯಾವ ಕಂಪನಿ ಅಂತ ಕೇಳಬೇಡಿ, ಪೂರ್ವ ಏಷ್ಯಾ ಅಂದರೆ ಸಾಕು. "ಎರಡು ಸಪ್ಲೈಯರ್ ಇಟ್ಟುಕೊಳ್ಳಿ" ಅನ್ನುವ ಮಾತು ಫ್ಯಾಬ್ ಒಳಗೆ ಇನ್ನೂ ಕಷ್ಟ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇವತ್ತಿನ ಮುಂದುವರಿದ ಚಿಪ್‌ಗೆ ಸಾವಿರಕ್ಕೂ ಜಾಸ್ತಿ ಹೆಜ್ಜೆ. ವೇಫರ್ ಒಳಗೆ ಹೋಗಿ ಹೊರಗೆ ಬರುವುದಕ್ಕೆ ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ. ಈಗ ಲೆಕ್ಕ ಹಾಕಿ. ಪ್ರತಿ ಹೆಜ್ಜೆಯಲ್ಲೂ ಶೇ. 99.9ರಷ್ಟು ಸರಿಯಾಗಿ ಮಾಡಿದೆವು ಅಂದುಕೊಳ್ಳಿ. ಶಾಲೆಯಲ್ಲಾದರೆ ಮೊದಲ ರ‍್ಯಾಂಕು. ಸಾವಿರ ಹೆಜ್ಜೆ ಆದ ಮೇಲೆ ಉಳಿಯುವ ಒಳ್ಳೆ ಚಿಪ್ ಶೇ. 37 ಮಾತ್ರ. ಅದೇ ಶೇ. 99.99 ಆದರೆ ಶೇ. 90 ಉಳಿಯುತ್ತದೆ. ಆ ಇನ್ನೊಂದು ಒಂಬತ್ತನ್ನು ಗಳಿಸುವುದಕ್ಕೆ ಇಡೀ ಕಾರ್ಖಾನೆ ವರ್ಷಗಟ್ಟಲೆ ಬೆವರು ಹರಿಸುತ್ತದೆ. ಒಮ್ಮೆ ಗಳಿಸಿದ ಮೇಲೆ ಯಾರಿಗೂ ಏನನ್ನೂ ಮುಟ್ಟುವುದಕ್ಕೆ ಮನಸ್ಸಿಲ್ಲ. ಪಂಪಿನ ಕೊಳವೆ ಬದಲಾಯಿಸುವುದಕ್ಕೂ ಅನುಮತಿ ಬೇಕು. ಫೋಟೋರೆಸಿಸ್ಟ್ ಬದಲಾಯಿಸಿ ಅಂದರೆ, ಎಲೆ ಹಾಕಿದ ಮೇಲೆ ಅಡುಗೆಭಟ್ಟರನ್ನು ಬದಲಾಯಿಸಿ ಅಂದ ಹಾಗೆ.

ಈ ಫೋಟೋರೆಸಿಸ್ಟ್ ಅನ್ನುವುದು ಬೆಳಕು ಬಿದ್ದ ಕಡೆ ಗುಣ ಬದಲಾಯಿಸುವ ದ್ರವ. ತಿರುಗುವ ವೇಫರ್ ಮೇಲೆ ತೆಳುವಾಗಿ ಹರಡುತ್ತಾರೆ. ಅದಕ್ಕೇ ನಮ್ಮ ವಿಭಾಗದಲ್ಲಿ ಸದಾ ಹಳದಿ ಬೆಳಕು, ಮಾಮೂಲಿ ಬಿಳಿ ದೀಪ ಹಾಕಿದರೆ ರೆಸಿಸ್ಟ್ ಹಾಳು. ಉನ್ನತ ದರ್ಜೆಯದ್ದನ್ನು ಮಾಡುವವರು ಬಹುಪಾಲು ಜಪಾನಿನವರೇ. ಜೆಎಸ್‌ಆರ್, ಟೋಕಿಯೊ ಓಹ್ಕಾ, ಶಿನ್-ಎಟ್ಸು, ಫ್ಯೂಜಿಫಿಲ್ಮ್. ಬಾಟಲಿಯಲ್ಲಿ ಬರುತ್ತದೆ, ತಣ್ಣಗೆ ಇಡಬೇಕು, ಕೆಲವು ತಿಂಗಳಲ್ಲಿ ಅವಧಿ ಮುಗಿಯುತ್ತದೆ. ಅಂದರೆ "ಎರಡು ವರ್ಷಕ್ಕೆ ಆಗುವಷ್ಟು ತುಂಬಿಸಿಡಿ" ಅನ್ನುವ ಬುದ್ಧಿಮಾತು ಇಲ್ಲಿ ನಡೆಯುವುದಿಲ್ಲ.

ಅದು ಕೆಟ್ಟರೆ ಏನಾಗುತ್ತದೆ? 2019ರ ಶುರುವಿನಲ್ಲಿ ತೈನಾನ್‌ನಲ್ಲಿ ತೈವಾನಿನ ದೊಡ್ಡ ಚಿಪ್ ಕಂಪನಿ ಟಿಎಸ್‌ಎಂಸಿಯ 14ಬಿ ಫ್ಯಾಬ್‌ಗೆ ಬಂದ ಒಂದು ಕಂತು ರೆಸಿಸ್ಟ್‌ನಲ್ಲಿ ಬೇಡದ ಪಾಲಿಮರ್ ಸೇರಿಕೊಂಡಿತ್ತು. ಸಪ್ಲೈಯರ್ ಕಡೆ ಒಂದು ಘಟಕವನ್ನು ಮಾಮೂಲಿಗಿಂತ ಬೇರೆ ರೀತಿ ಸಂಸ್ಕರಿಸಿದ್ದರು, ಅಷ್ಟೇ. ಕಣ್ಣಿಗೆ ಕಾಣುವಂಥದ್ದಲ್ಲ. ವೇಫರ್‌ಗಳನ್ನು ರಾಶಿಗಟ್ಟಲೆ ಎಸೆಯಬೇಕಾಯಿತು. ಆ ತ್ರೈಮಾಸಿಕದ ಆದಾಯ ಸುಮಾರು 55 ಕೋಟಿ ಡಾಲರ್ ಕಡಿಮೆ ಆಗುತ್ತದೆ ಅಂತ ಕಂಪನಿಯೇ ಹೇಳಿತು. ಜಗತ್ತಿನ ಅತ್ಯಂತ ಶಿಸ್ತಿನ ಕಾರ್ಖಾನೆಯಲ್ಲಿ ಆದದ್ದು ಇದು.

ಕರೆಂಟ್ ವಿಷಯವೂ ಹಾಗೆಯೇ. ಮನೆಯಲ್ಲಿ ದೀಪ ಒಮ್ಮೆ ಮಿಣುಕಿದರೆ ನಾವು ತಲೆ ಎತ್ತಿಯೂ ನೋಡುವುದಿಲ್ಲ. ಫ್ಯಾಬ್‌ನಲ್ಲಿ ವೋಲ್ಟೇಜ್ ಕಣ್ಣು ಮಿಟುಕಿಸುವಷ್ಟು ಹೊತ್ತು ಕುಗ್ಗಿದರೂ ನಿರ್ವಾತ ಪಂಪು ನಿಲ್ಲುತ್ತದೆ, ಕುಲುಮೆಯಲ್ಲಿರುವ ವೇಫರ್‌ಗಳ ಕಥೆ ಮುಗಿಯಿತು. ಜಪಾನಿನ ಯೊಕ್ಕಾಯಿಚಿಯಲ್ಲಿ 2019ರ ಜೂನ್ 15ರಂದು 13 ನಿಮಿಷ ಕರೆಂಟ್ ಹೋಗಿತ್ತು. ಅಲ್ಲಿನ ಫ್ಲ್ಯಾಶ್ ಮೆಮೊರಿ ಕಾರ್ಖಾನೆಯಲ್ಲಿ ಪಾಲುದಾರರಾದ ವೆಸ್ಟರ್ನ್ ಡಿಜಿಟಲ್ ತಮ್ಮ ಪಾಲಿನ ನಷ್ಟವನ್ನೇ 6 ಎಕ್ಸಾಬೈಟ್ (600 ಕೋಟಿ ಗಿಗಾಬೈಟ್) ಅಂತ ಅಂದಾಜು ಮಾಡಿದರು. ಯಂತ್ರಗಳನ್ನು ಮತ್ತೆ ಒಂದೊಂದಾಗಿ ಎಬ್ಬಿಸಿ, ಅಳತೆ ಸರಿಮಾಡಿ, ಪರೀಕ್ಷಾ ವೇಫರ್ ಓಡಿಸಿ ನಂಬಿಕೆ ಬರುವಷ್ಟರಲ್ಲಿ ವಾರಗಳು ಕಳೆದಿರುತ್ತವೆ.

ನೀರುಗಂಟಿ:

@ಹಳದಿ_ದೀಪ, ಕರೆಂಟ್ ಮಾತು ಬಂದದ್ದು ಒಳ್ಳೆಯದಾಯಿತು. ನನ್ನ ಪ್ರಕಾರ ತೈವಾನಿನ ಅಸಲಿ ದೌರ್ಬಲ್ಯ ಅಲ್ಲೇ ಇದೆ.

ಆ ದ್ವೀಪ ತನಗೆ ಬೇಕಾದ ಇಂಧನದಲ್ಲಿ ಶೇ. 95ಕ್ಕಿಂತ ಜಾಸ್ತಿ ಹೊರಗಿನಿಂದ ತರಿಸುತ್ತದೆ. ಟಿಎಸ್‌ಎಂಸಿ ಒಂದೇ ಕಂಪನಿ ಇಡೀ ದ್ವೀಪದ ವಿದ್ಯುತ್ತಿನಲ್ಲಿ ಶೇ. 8ರ ಆಸುಪಾಸು ಬಳಸುತ್ತದೆ. ಕೊನೆಯ ಅಣು ರಿಯಾಕ್ಟರನ್ನು 2025ರ ಮೇ ತಿಂಗಳಲ್ಲಿ ನಿಲ್ಲಿಸಿದರು. ಈಗ ಭಾರ ಬಿದ್ದಿರುವುದು ಹಡಗಿನಲ್ಲಿ ಬರುವ ದ್ರವ ಅನಿಲದ ಮೇಲೆ. ಅದರ ದಾಸ್ತಾನು ಎಷ್ಟು ದಿನಕ್ಕೆ ಬರುತ್ತದೆ ಗೊತ್ತಾ? ಸುಮಾರು 11 ದಿನಕ್ಕೆ. @ಕೊನೇಬೆಂಚು, ನೀವು ಹೇಳುವ ಜಲಸಂಧಿ ಕಥೆಗೂ ನಾವು ಹೇಳುವ ಸಣ್ಣ ಸಾಮಾನಿನ ಕಥೆಗೂ ಇಲ್ಲಿ ಗಂಟು ಬೀಳುತ್ತದೆ. ಫ್ಯಾಬ್ ಮೇಲೆ ಯಾರೂ ಗುಂಡು ಹಾರಿಸಬೇಕಾಗಿಲ್ಲ. ಅನಿಲದ ಹಡಗುಗಳು ಎರಡು ವಾರ ಬರದಿದ್ದರೆ ಸಾಕು.

ಇನ್ನು ನೀರು. 2020ರಲ್ಲಿ ಒಂದೂ ಚಂಡಮಾರುತ ತೈವಾನಿನ ನೆಲ ಮುಟ್ಟಲಿಲ್ಲ. 56 ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು. ನಾವು ಚಂಡಮಾರುತ ಅಂದರೆ ಅನಾಹುತ ಅಂದುಕೊಳ್ಳುತ್ತೇವೆ, ಅಲ್ಲಿ ಜಲಾಶಯ ತುಂಬಿಸುವುದೇ ಅದು. 2021ರ ಬೇಸಿಗೆ ಹೊತ್ತಿಗೆ ಜಲಾಶಯಗಳ ತಳ ಬಿರುಕು ಬಿಟ್ಟಿತ್ತು. ಸರ್ಕಾರ ಭತ್ತದ ಗದ್ದೆಗಳಿಗೆ ನೀರು ನಿಲ್ಲಿಸಿತು, ರೈತರಿಗೆ ಪರಿಹಾರ ಕೊಟ್ಟಿತು. ಫ್ಯಾಬ್‌ಗಳು ಟ್ಯಾಂಕರ್ ಗೊತ್ತು ಮಾಡಿದವು. ಬಳಸಿದ ನೀರಿನಲ್ಲಿ ಬಹುಪಾಲನ್ನು ಅವರು ಮರುಬಳಕೆ ಮಾಡುತ್ತಾರೆ ಅನ್ನುವುದು ನಿಜ. ಆದರೂ ಗದ್ದೆಯಾ ಫ್ಯಾಬಾ ಅನ್ನುವ ಪ್ರಶ್ನೆ ಬಂದಾಗ ಗದ್ದೆ ಸೋತಿತು. ಇದು ಬರೀ ಪೂರೈಕೆಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೂ ಹೌದು. ಜಪಾನಿನ ಕುಮಾಮೊಟೊದಲ್ಲಿ ಟಿಎಸ್‌ಎಂಸಿ ಕಟ್ಟಿರುವ ಕಾರ್ಖಾನೆಯ ಸುತ್ತಲೂ ಈಗ ಇದೇ ಚರ್ಚೆ. ಆ ನಗರ ಕುಡಿಯುವುದು ಪೂರ್ತಿ ಅಂತರ್ಜಲವನ್ನೇ.

ಚಾವಡಿ:

ಭೂಕಂಪವನ್ನು ಮಾತ್ರ ತೈವಾನ್ ಚೆನ್ನಾಗಿ ಕಲಿತುಕೊಂಡಿದೆ, ಅದನ್ನೂ ಹೇಳಬೇಕು. 2024ರ ಏಪ್ರಿಲ್ 3ರಂದು ಹುವಾಲಿಯೆನ್‌ನಲ್ಲಿ 7ಕ್ಕೂ ಜಾಸ್ತಿ ತೀವ್ರತೆಯ ಭೂಕಂಪ. ಟಿಎಸ್‌ಎಂಸಿ ಹತ್ತು ಗಂಟೆಯೊಳಗೆ ಶೇ. 70ಕ್ಕೂ ಹೆಚ್ಚು ಯಂತ್ರಗಳನ್ನು ಮತ್ತೆ ಸಿದ್ಧ ಮಾಡಿತು, ಅತಿ ಸೂಕ್ಷ್ಮ ನಕ್ಷೆ ಮೂಡಿಸುವ ಇಯುವಿ ಯಂತ್ರಗಳಿಗೆ ಏನೂ ಆಗಲಿಲ್ಲ. 1999ರಿಂದ ಕಲಿತ ಪಾಠ. ಹಾಗಾದರೆ ಉಳಿದದ್ದನ್ನೂ ಕಲಿಯಬಹುದಲ್ವಾ?

ಹಳದಿ_ದೀಪ:

ಕಲಿಯಬಹುದು. ಆದರೆ ಭೂಕಂಪ ನಿಮ್ಮದೇ ಕಟ್ಟಡದ ಸಮಸ್ಯೆ, ಕಂಬ ಗಟ್ಟಿ ಮಾಡಬಹುದು. ಸಪ್ಲೈಯರಿನ ಸಪ್ಲೈಯರಿನ ಸಮಸ್ಯೆಯನ್ನು ನೀವು ಹೇಗೆ ಗಟ್ಟಿ ಮಾಡುತ್ತೀರಿ?

ಹೀಲಿಯಂ ತೆಗೆದುಕೊಳ್ಳಿ. ಎಚ್ಚಿಂಗ್ (ಬೇಡದ ಪದರ ಕೊರೆದು ತೆಗೆಯುವುದು) ಮಾಡುವಾಗ ವೇಫರಿನ ಹಿಂಬದಿ ತಣ್ಣಗಿಡುವುದಕ್ಕೆ ಬೇಕೇ ಬೇಕು. ಜಗತ್ತಿನ ಸುಮಾರು ಮೂರನೇ ಒಂದು ಭಾಗ ಕತಾರ್‌ನಿಂದ ಬರುತ್ತದೆ. 2017ರಲ್ಲಿ ನೆರೆಯ ದೇಶಗಳು ಕತಾರ್‌ಗೆ ದಿಗ್ಬಂಧನ ಹಾಕಿದಾಗ ಅಲ್ಲಿನ ಹೀಲಿಯಂ ಘಟಕಗಳನ್ನೇ ಕೆಲಕಾಲ ನಿಲ್ಲಿಸಿದ್ದರು. ಲಿಥೋಗ್ರಫಿಯ ಲೇಸರ್‌ಗೆ ಬೇಕಾದ ನಿಯಾನ್ ಅನಿಲ ಇನ್ನೊಂದು ಕಥೆ. ಉಕ್ಕಿನ ಕಾರ್ಖಾನೆಗಳಿಗೆ ಆಮ್ಲಜನಕ ತೆಗೆಯುವಾಗ ಸಿಗುವ ಉಪ ಉತ್ಪನ್ನ ಅದು. ಚಿಪ್ ದರ್ಜೆಗೆ ಶುದ್ಧ ಮಾಡುತ್ತಿದ್ದ ಎರಡು ಮುಖ್ಯ ಕಂಪನಿಗಳು ಉಕ್ರೇನಿನ ಮರಿಯುಪೋಲ್ ಮತ್ತು ಒಡೆಸಾದಲ್ಲಿದ್ದವು. 2022ರ ಯುದ್ಧದಲ್ಲಿ ಎರಡೂ ನಿಂತವು. ಯುದ್ಧಕ್ಕೆ ಸ್ವಲ್ಪ ಮೊದಲಷ್ಟೇ ಕೊರಿಯಾದ ಪೋಸ್ಕೊ ತನ್ನ ಉಕ್ಕಿನ ಕಾರ್ಖಾನೆಯಲ್ಲೇ ನಿಯಾನ್ ತೆಗೆಯುವುದಕ್ಕೆ ಶುರು ಮಾಡಿತ್ತು.

ಮರಳುಗಡಿಯಾರ:

ಕೊರಿಯಾ ಅಂದರೆ 2019 ನೆನಪಾಗಲೇಬೇಕು. ಯುದ್ಧಕಾಲದ ಬಲವಂತದ ದುಡಿಮೆಗೆ ಪರಿಹಾರ ಕೊಡಬೇಕು ಅಂತ ಕೊರಿಯಾದ ನ್ಯಾಯಾಲಯ ಜಪಾನಿ ಕಂಪನಿಗಳಿಗೆ ಹೇಳಿತ್ತು. ಆ ಜಗಳ ಬೆಳೆಯುತ್ತಿದ್ದ ಹೊತ್ತಿನಲ್ಲಿ, 2019ರ ಜುಲೈನಲ್ಲಿ ಜಪಾನ್ ಮೂರು ಸಾಮಗ್ರಿಗಳ ರಫ್ತು ಬಿಗಿ ಮಾಡಿತು. ಫ್ಲೋರಿನೇಟೆಡ್ ಪಾಲಿಇಮೈಡ್, ಫೋಟೋರೆಸಿಸ್ಟ್, ಹೈಡ್ರೋಜನ್ ಫ್ಲೋರೈಡ್. ಪೂರ್ತಿ ನಿಷೇಧವಲ್ಲ, ಪ್ರತಿ ಕಂತಿಗೂ ಬೇರೆ ಪರವಾನಗಿ ಬೇಕು ಅಂದರು. ಅಷ್ಟಕ್ಕೇ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಬೆಚ್ಚಿಬಿದ್ದವು. ಎರಡು ಮಿತ್ರದೇಶಗಳ ನಡುವೆ ಆದದ್ದು ಇದು, ಶತ್ರುಗಳ ನಡುವೆ ಅಲ್ಲ. 2023ರ ಮಾರ್ಚ್‌ನಲ್ಲಿ ಆ ನಿರ್ಬಂಧ ತೆಗೆದರು.

ಅಷ್ಟರಲ್ಲಿ ಕೊರಿಯಾ ಹೈಡ್ರೋಜನ್ ಫ್ಲೋರೈಡ್ ತಾನೇ ಮಾಡುವುದಕ್ಕೆ ಕಲಿತಿತ್ತು. ರೆಸಿಸ್ಟ್ ಮಾತ್ರ ಕಷ್ಟವಾಯಿತು. ಒಂದಷ್ಟನ್ನು ಬೆಲ್ಜಿಯಂನಿಂದ ತರಿಸಿದರು, ಅದನ್ನು ಅಲ್ಲಿ ಮಾಡುತ್ತಿದ್ದದ್ದೂ ಜಪಾನಿನ ಪಾಲುದಾರಿಕೆಯ ಕಂಪನಿಯೇ!

ಚೀನಾ ಇದನ್ನೆಲ್ಲ ನೋಡಿ ಕಲಿತಿದೆ ಅಂತ ನನ್ನ ಅನುಮಾನ. 2022ರ ಅಕ್ಟೋಬರ್ 7ರಂದು ಅಮೆರಿಕ ಚಿಪ್ ಮತ್ತು ಯಂತ್ರಗಳ ಮೇಲೆ ಹಿಡಿತ ಬಿಗಿಗೊಳಿಸಿತು, ಆಮೇಲೆ ಜಪಾನ್, ನೆದರ್ಲೆಂಡ್ಸ್ ಕೂಡ ಸೇರಿಕೊಂಡವು. 2023ರ ಆಗಸ್ಟ್‌ನಿಂದ ಚೀನಾ ಚಿಪ್‌ಗಳಿಗೆ ಬೇಕಾದ ಗ್ಯಾಲಿಯಂ ಮತ್ತು ಜರ್ಮೇನಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಗ್ಯಾಲಿಯಂನಲ್ಲಿ ಅವರ ಪಾಲು ಶೇ. 98. ಭೂಮಿಯಲ್ಲಿ ಬೇರೆಲ್ಲೂ ಇಲ್ಲ ಅಂತಲ್ಲ. ಬಾಕ್ಸೈಟ್‌ನಿಂದ ಅಲ್ಯುಮಿನಾ ಮಾಡುವಾಗ ಅದು ಚೂರುಪಾರು ಸಿಗುತ್ತದೆ. ಅಲ್ಯುಮಿನಾ ಮಾಡುವ ದೇಶಗಳು ಬೇಕಾದಷ್ಟಿವೆ, ಭಾರತವೂ ಸೇರಿ. ಆದರೆ ಅದನ್ನು ಬೇರ್ಪಡಿಸಿದರೆ ಲಾಭ ಕಡಿಮೆ ಅಂತ ಉಳಿದವರು ಕೈಬಿಟ್ಟರು.

ತಂತಿಬೆಸುಗೆ:

ಎಲ್ಲರೂ ಫ್ಯಾಬ್, ಫ್ಯಾಬ್ ಅನ್ನುತ್ತಿದ್ದೀರಿ. ನಾವು ಪ್ಯಾಕೇಜಿಂಗ್‌ನವರು ಯಾವತ್ತೂ ಹಿಂದಿನ ಸಾಲಿನವರೇ. ನಾನು ಮಲೇಷ್ಯಾದ ಪೆನಾಂಗ್‌ನಲ್ಲಿ ಕೆಲಸ ಮಾಡಿದವನು.

ವೇಫರ್ ಅಂದರೆ ಇನ್ನೂ ಚಿಪ್ ಅಲ್ಲ. ಅದನ್ನು ವಜ್ರದ ಗರಗಸದಲ್ಲಿ ಕತ್ತರಿಸಬೇಕು, ಒಂದೊಂದು ತುಂಡನ್ನೂ ಎತ್ತಿ ಅಂಟಿಸಬೇಕು, ಕೂದಲಿಗಿಂತ ಎಷ್ಟೋ ತೆಳುವಾದ ಚಿನ್ನದ ಅಥವಾ ತಾಮ್ರದ ತಂತಿಯಲ್ಲಿ ಹೊಲಿಯಬೇಕು, ರಾಳ ಹೊದಿಸಬೇಕು, ಪರೀಕ್ಷೆ ಮಾಡಬೇಕು. ಈ ಕೆಲಸಕ್ಕೆ ಜನ ಜಾಸ್ತಿ ಬೇಕು. ಅದಕ್ಕೇ 1970ರ ದಶಕದಿಂದಲೇ ಕಂಪನಿಗಳು ಮಲೇಷ್ಯಾ, ಫಿಲಿಪ್ಪೀನ್ಸ್ ಕಡೆ ಬಂದವು. ಇಂಟೆಲ್ ಪೆನಾಂಗ್‌ಗೆ ಬಂದದ್ದು 1972ರಲ್ಲಿ. ಜಗತ್ತಿನ ಪ್ಯಾಕೇಜಿಂಗ್ ಮತ್ತು ಪರೀಕ್ಷೆಯಲ್ಲಿ ಶೇ. 13ರಷ್ಟು ಮಲೇಷ್ಯಾದ್ದೇ. 2021ರಲ್ಲಿ ಅಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಸಾಲಿನಲ್ಲಿ ಎಷ್ಟು ಜನ ಇರಬಹುದು ಅನ್ನುವುದಕ್ಕೆ ಮಿತಿ ಹಾಕಿದರು. ಒಬ್ಬರಿಗೆ ಸೋಂಕು ಬಂದರೆ ಅವರ ಪಾಳಿ ಪೂರ್ತಿ ಹಾಸ್ಟೆಲಿನಲ್ಲೇ ಉಳಿಯುತ್ತಿತ್ತು. ಯಂತ್ರಗಳು ಸಾಲಾಗಿ ಸುಮ್ಮನೆ ನಿಂತಿರುತ್ತಿದ್ದವು, ಪಕ್ಕದ ನೈಟ್ರೋಜನ್ ಕಪಾಟುಗಳಲ್ಲಿ ವೇಫರ್ ತುಂಬಿ ತುಳುಕುತ್ತಿತ್ತು. ಜರ್ಮನಿಯ ಕಾರ್ ಕಾರ್ಖಾನೆಗಳು ನಿಂತದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ವಿಷಯ ಹೇಳಿದರೆ ನಂಬುವುದಿಲ್ಲ. ದೊಡ್ಡ ಪ್ರೊಸೆಸರ್‌ಗಳು ಕೂರುವ ಸಬ್‌ಸ್ಟ್ರೇಟ್‌ನಲ್ಲಿ ಪದರಗಳ ನಡುವೆ ಒಂದು ತೆಳು ಹಾಳೆ ಇರುತ್ತದೆ, ಎಬಿಎಫ್ ಅನ್ನುತ್ತಾರೆ. ಆ 'ಎ' ಅಂದರೆ ಅಜಿನೊಮೊಟೊ. ಹೌದು, ಅದೇ ಟೇಸ್ಟಿಂಗ್ ಪೌಡರಿನವರು. ಅಮೈನೋ ಆಮ್ಲದ ಸಂಶೋಧನೆಯಿಂದ ಹುಟ್ಟಿದ ರಾಳದ ತಂತ್ರ. ಮುಂದುವರಿದ ಪ್ರೊಸೆಸರ್‌ಗಳಿಗೆ ಬಳಸುವುದು ಹೆಚ್ಚುಕಡಿಮೆ ಪೂರ್ತಿ ಅವರದೇ. 2021ರಲ್ಲಿ ಈ ಸಬ್‌ಸ್ಟ್ರೇಟ್‌ಗಳ ಕೊರತೆ ಎಷ್ಟಾಯಿತೆಂದರೆ, ಸಿಲಿಕಾನ್ ರೆಡಿ ಇದ್ದರೂ ಕೂರಿಸುವುದಕ್ಕೆ ಜಾಗ ಇಲ್ಲ. 2023ರಲ್ಲಿ ಎಐ ಚಿಪ್‌ಗಳಿಗೂ ಇದೇ ಗತಿ. ಎಲ್ಲರೂ ಫ್ಯಾಬ್ ಸಾಮರ್ಥ್ಯ ಸಾಲದು ಅಂದುಕೊಂಡರು, ನಿಜಕ್ಕೂ ಸಾಲದೆ ಹೋದದ್ದು ಟಿಎಸ್‌ಎಂಸಿಯ ಮುಂದುವರಿದ ಪ್ಯಾಕೇಜಿಂಗ್ ಲೈನು. ಅಮೆರಿಕದ ಅರಿಜೋನಾದಲ್ಲಿ ಅಷ್ಟೊಂದು ದುಡ್ಡು ಸುರಿದು ಫ್ಯಾಬ್ ಕಟ್ಟಿದ ಮೇಲೂ ಅಲ್ಲಿನ ಎಐ ವೇಫರ್‌ಗಳು ಪ್ಯಾಕೇಜಿಂಗ್‌ಗೆ ವಿಮಾನ ಹತ್ತಿ ತೈವಾನಿಗೇ ಬರುತ್ತವೆ.

ಚಾವಡಿ:

ಅದಕ್ಕೇ ನಾನು ಭಾರತದ ದಾರಿ ಸರಿ ಅನ್ನುವುದು. ಎಲ್ಲರೂ ಗುಜರಾತಿನ ಧೋಲೇರಾ ಫ್ಯಾಬ್ ಬಗ್ಗೆ ಮಾತಾಡುತ್ತಾರೆ. ಟಾಟಾ ಮತ್ತು ತೈವಾನಿನ ಪಿಎಸ್‌ಎಂಸಿ, ₹91,000 ಕೋಟಿ, ತಿಂಗಳಿಗೆ 50,000 ವೇಫರ್ ಗುರಿ. ಆದರೆ 2023–24ರಲ್ಲಿ ಒಪ್ಪಿಗೆ ಸಿಕ್ಕ ಉಳಿದ ಯೋಜನೆಗಳನ್ನು ನೋಡಿ. ಸಾನಂದ್‌ನಲ್ಲಿ ಮೈಕ್ರಾನ್ ₹22,516 ಕೋಟಿ, ಅಸ್ಸಾಮಿನ ಜಾಗಿರೋಡ್‌ನಲ್ಲಿ ಟಾಟಾ ₹27,000 ಕೋಟಿ, ಸಿಜಿ ಸೆಮಿ, ಮೈಸೂರಿನ ಕೇನ್ಸ್ ಕಂಪನಿಯ ಸಾನಂದ್ ಘಟಕ. ಎಲ್ಲವೂ ಪ್ಯಾಕೇಜಿಂಗ್ ಮತ್ತು ಪರೀಕ್ಷೆ. @ತಂತಿಬೆಸುಗೆ ಹೇಳುವ ಹಿಂದಿನ ಸಾಲಿನಿಂದಲೇ ನಾವು ಶುರು ಮಾಡಿದ್ದೇವೆ.

ಕೊನೇಬೆಂಚು:

ಶುರು ಮಾಡಿದ್ದೇವೆ ಅನ್ನುವ ಮಾತನ್ನು ನಾವು ಮೊದಲೂ ಕೇಳಿದ್ದೇವೆ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1980ರ ದಶಕದಲ್ಲೇ ಚಿಪ್ ಮಾಡುತ್ತಿತ್ತು. ಟಿಎಸ್‌ಎಂಸಿ ಹುಟ್ಟಿದ್ದು 1987ರಲ್ಲಿ. 1989ರ ಫೆಬ್ರವರಿಯಲ್ಲಿ ಮೊಹಾಲಿಗೆ ಬೆಂಕಿ ಬಿತ್ತು, ಮತ್ತೆ ಏಳುವುದಕ್ಕೆ ವರ್ಷಗಳೇ ಹಿಡಿದವು. ಇವತ್ತು ಅದು 180 ನ್ಯಾನೋಮೀಟರ್‌ನಲ್ಲಿದೆ (ಈ ಸಂಖ್ಯೆ ಚಿಕ್ಕದಾದಷ್ಟೂ ತಂತ್ರಜ್ಞಾನ ಹೊಸದು). ರೆನೆಸಾಸ್‌ಗೆ ಬೆಂಕಿ ಬಿದ್ದಾಗ ಟೊಯೋಟಾದಂಥ ಗ್ರಾಹಕರೇ ಜನ ಕಳಿಸಿ ಒಂದು ತಿಂಗಳಲ್ಲಿ ಎಬ್ಬಿಸಿದರು. ನಮ್ಮಲ್ಲಿ ಹಾಗೆ ಓಡಿಬರುವ ಗ್ರಾಹಕ ಯಾರಿದ್ದರು?

ನೀರುಗಂಟಿ:

ಈ ಮಾತಿಗೆ ನನ್ನದೊಂದು ಸೇರ್ಪಡೆ. ಧೋಲೇರಾ ಶುರುವಾಗುವುದು 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ಹಳೆಯ ತಂತ್ರಜ್ಞಾನದಲ್ಲಿ. ಕಾರು, ಮೀಟರು, ಡಿಸ್‌ಪ್ಲೇಗೆ ಅದೇ ಬೇಕು, ಆಯ್ಕೆ ಸರಿಯಾಗಿದೆ. ಆದರೆ ಮುಂದುವರಿದ ಯಂತ್ರ ಸಿಗದ ಚೀನಾ ಇದೇ ದರ್ಜೆಯಲ್ಲಿ ಫ್ಯಾಬ್ ಮೇಲೆ ಫ್ಯಾಬ್ ಕಟ್ಟುತ್ತಿದೆ. ಬೆಲೆ ಇಳಿಸಿ ಹೊಡೆಯುವುದು ಅವರಿಗೆ ಹೊಸದಲ್ಲ. ಗ್ಯಾಲಿಯಂ ವಿಷಯದಲ್ಲಿ ಆದದ್ದು 28 ನ್ಯಾನೋಮೀಟರಿನಲ್ಲೂ ಆಗಬಹುದು. ಲಾಭವಿಲ್ಲ ಅಂತ ಉಳಿದವರು ಬಿಡುತ್ತಾರೆ, ಹತ್ತು ವರ್ಷದ ಮೇಲೆ ಪರವಾನಗಿ ಪದ್ಧತಿ ಬರುತ್ತದೆ.

ಹಳದಿ_ದೀಪ:

ಜನರ ವಿಷಯ ಯಾರೂ ಎತ್ತಲಿಲ್ಲ. ಕುಮಾಮೊಟೊ ಕಾರ್ಖಾನೆಯ ಕೆಲಸ 2022ರಲ್ಲಿ ಶುರುವಾಗಿ 2024ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು, ಅದೇ ವರ್ಷದ ಕೊನೆಗೆ ಉತ್ಪಾದನೆ. ಅರಿಜೋನಾ ಘೋಷಣೆ ಆದದ್ದು 2020ರಲ್ಲಿ, ಉತ್ಪಾದನೆ ಶುರುವಾದದ್ದೂ 2024ರ ಕೊನೆಗೇ. ಎರಡೂ ಒಂದೇ ಕಂಪನಿ. ಅರಿಜೋನಾದ್ದು ಹೆಚ್ಚು ಮುಂದುವರಿದ ತಂತ್ರಜ್ಞಾನ, ಸರಿ. ಆದರೂ ಅಂತರದ ದೊಡ್ಡ ಭಾಗ ಬೇರೆ ಕಡೆ ಇದೆ. ಕ್ಯೂಶು ದ್ವೀಪದಲ್ಲಿ ಕೊಳವೆ ಬೆಸೆಯುವವನಿಗೂ ಚಿಪ್ ಕಾರ್ಖಾನೆ ಗೊತ್ತು, ಸೋನಿ ಪಕ್ಕದಲ್ಲೇ ಇದೆ, ರಾಸಾಯನಿಕದವರು ಫೋನ್ ಮಾಡಿದರೆ ಮಧ್ಯಾಹ್ನಕ್ಕೆ ಬರುತ್ತಾರೆ. ಅರಿಜೋನಾದಲ್ಲಿ ತೈವಾನಿನಿಂದ ಜನ ಕರೆಸಬೇಕಾಯಿತು.

ಭಾರತದಲ್ಲಿ ಚಿಪ್ ಡಿಸೈನ್ ಮಾಡುವವರು ರಾಶಿ ಇದ್ದಾರೆ, ಬೆಂಗಳೂರೇ ಸಾಕು. ಆದರೆ ಮಧ್ಯರಾತ್ರಿ ಪಾಳಿಯಲ್ಲಿ ಎಚ್ಚಿಂಗ್ ಯಂತ್ರದ ಚೇಂಬರ್ ಬಿಚ್ಚಿ ಒರೆಸಿ, ಮತ್ತೆ ಮುಚ್ಚಿ, ದೂಳಿನ ಕಣಗಳ ಎಣಿಕೆ ಯಾಕೆ ಇಳಿಯುತ್ತಿಲ್ಲ ಅಂತ ಹುಡುಕುವ ತಂತ್ರಜ್ಞರು ಬೇರೆ ಥರದವರು. ಅವರನ್ನು ಪಿಸಿ ಮುಂದೆ ಕೂರಿಸಿ ತಯಾರು ಮಾಡುವುದಕ್ಕೆ ಆಗುವುದಿಲ್ಲ. ಡಿಪ್ಲೊಮಾ ಹುಡುಗ ಹುಡುಗಿಯರನ್ನು ತೈವಾನಿಗೆ ಕಳಿಸಿ ನಿಜವಾದ ಲೈನಿನಲ್ಲಿ ನಿಲ್ಲಿಸಬೇಕು. ಧೋಲೇರಾದ ವಿಷಯದಲ್ಲಿ ನಾನು ಕಣ್ಣಿಡುವುದು ಅದರ ಮೇಲೆ, ಕಟ್ಟಡದ ಫೋಟೋ ಮೇಲಲ್ಲ.

ಚಾವಡಿ:

ಇದಕ್ಕೆ ನನ್ನ ತಕರಾರಿಲ್ಲ. ಆದರೆ ರಾಸಾಯನಿಕ, ಅನಿಲದವರು ಮೊದಲು ಬರಲಿ ಆಮೇಲೆ ಫ್ಯಾಬ್ ಕಟ್ಟೋಣ ಅಂದರೆ ಯಾರೂ ಬರುವುದಿಲ್ಲ. ಗ್ರಾಹಕನೇ ಇಲ್ಲದ ಊರಿಗೆ ರೆಸಿಸ್ಟ್ ಮಾಡುವವರು ಯಾಕೆ ಬರುತ್ತಾರೆ? ಮೊದಲ ಫ್ಯಾಬ್ ನಷ್ಟ ಮಾಡಿಕೊಂಡರೂ ಪರವಾಗಿಲ್ಲ ಅಂತಲೇ ಸರ್ಕಾರ ಅರ್ಧ ಖರ್ಚು ಹೊರುತ್ತಿರುವುದು.

ಮರಳುಗಡಿಯಾರ:

ಒಪ್ಪುತ್ತೇನೆ, ಫ್ಯಾಬ್ ಬೇಡ ಅನ್ನುತ್ತಿಲ್ಲ. ಆದರೆ "ಧೋಲೇರಾ ಬಂದರೆ ನಾವು ಸೇಫ್" ಅನ್ನುವುದಕ್ಕೆ ಮಾತ್ರ ನನ್ನ ವಿರೋಧ. ಅಲ್ಲಿಗೂ ರೆಸಿಸ್ಟ್ ಜಪಾನಿನಿಂದ, ಹೀಲಿಯಂ ಕೊಲ್ಲಿಯಿಂದಲೇ ಬರಬೇಕು. ಹಳೇ ಅಪಾಯ ಹಾಗೇ ಇರುತ್ತದೆ, ಅದನ್ನು ಎದುರಿಸುವ ಊರು ಒಂದು ಜಾಸ್ತಿ ಆಗುತ್ತದೆ.

@ಬಿಲ್_ಆಫ್_ಮೆಟೀರಿಯಲ್, ಸರ್ಕಾರಗಳ ಮಾತು ಬಿಡಿ. ನಿಮ್ಮಂಥ ಸಣ್ಣ ಕಂಪನಿ 2021ರ ಮೇಲೆ ಏನು ಬದಲಾಯಿಸಿಕೊಂಡಿದೆ?

ಬಿಲ್_ಆಫ್_ಮೆಟೀರಿಯಲ್:

ಮೂರು ವಿಷಯ. ನಿಧಾನಕ್ಕೆ ಖರ್ಚಾಗುವ ಭಾಗಗಳನ್ನೂ ಜಾಸ್ತಿ ಇಡುತ್ತೇವೆ, ದುಡ್ಡು ಕಟ್ಟಿಹಾಕಿದಂತಾಗುತ್ತದೆ, ಆದರೂ ಇಡುತ್ತೇವೆ. ದಲ್ಲಾಳಿ ಮಾಲಿಗೆ ಎಕ್ಸ್‌ರೇ ತೆಗೆಸದೆ ಒಳಗೆ ಬಿಡುವುದಿಲ್ಲ. ಮತ್ತೆ ಹೊಸ ಬೋರ್ಡ್ ಬಿಡಿಸುವಾಗಲೇ ಡಿಸೈನ್‌ನವರ ಹತ್ತಿರ ಜಗಳ ಮಾಡಿ, ಮುಖ್ಯ ಭಾಗಗಳಿಗೆ ಎರಡು ಫುಟ್‌ಪ್ರಿಂಟ್ (ಬೋರ್ಡಿನಲ್ಲಿ ಭಾಗ ಕೂರುವ ಜಾಗ) ಹಾಕಿಸುತ್ತೇವೆ. ಈ ಕಂಪನಿಯದ್ದು ಸಿಗದಿದ್ದರೆ ಆ ಕಂಪನಿಯದ್ದು ಕೂರುತ್ತದೆ. ಸಾಫ್ಟ್‌ವೇರ್ ಹುಡುಗರಿಗೆ ಎರಡು ಚಿಪ್‌ಗೂ ಕೋಡ್ ಬರೆಯುವ ಶಿಕ್ಷೆ, ಬೈದುಕೊಳ್ಳುತ್ತಲೇ ಬರೆಯುತ್ತಾರೆ.

ತಂತಿಬೆಸುಗೆ:

ಆ ಎರಡು ಭಾಗಗಳ ಪ್ಯಾಕೇಜಿಂಗ್ ಎಲ್ಲಿ ಆಗುತ್ತದೆ ಅಂತ ಕೇಳಿದ್ದೀರಾ?

ಬಿಲ್_ಆಫ್_ಮೆಟೀರಿಯಲ್:

ಕೇಳಿದೆವು. ಒಂದು ಯುರೋಪಿನ ಕಂಪನಿ, ಇನ್ನೊಂದು ಅಮೆರಿಕದ್ದು. ಎರಡೂ ಮಲೇಷ್ಯಾ. ಈಗ ಮೂರನೆಯದಕ್ಕೆ ಹುಡುಕುತ್ತಿದ್ದೇವೆ, ಫಿಲಿಪ್ಪೀನ್ಸ್ ಅಥವಾ ಬೇರೆ ಕಡೆ ಪ್ಯಾಕ್ ಆಗುವಂಥದ್ದು. ಮೂವತ್ತೆರಡು ಪಿನ್ನಿನ ಮೋಟರ್ ಡ್ರೈವರ್, ಮಾಮೂಲಿ ಕ್ಯೂಎಫ್‌ಎನ್ ಪ್ಯಾಕೇಜ್. ಯಾರಿಗಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ.